ನೀರು ತಣ್ಣಗಿದ್ದಷ್ಟೂ ಒಳ್ಳೆಯದಲ್ಲ, ತಮ್ಮಾ

ತಮ್ಮಾ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸಿಗೆ ಸೇರಿದ್ದೀಯೆ, ಇಂಡಕ್ಷನ್ ಫರ್ನೇಸಿನ ಹೊಣೆ ನಿನಗೇ ಬಂದಿದೆ ಎಂದು ನಿಮ್ಮಪ್ಪ ಹೇಳಿದ. ಬಹಳ ಸಂತೋಷವಾಯಿತು. ಹೊಸ ಹುಡುಗರ ಕೈಗೆ ಅಷ್ಟು ಬೇಗ ಯಾರೂ ಫರ್ನೇಸ್ ಪ್ಯಾನೆಲಿನ ಕೀಲಿ ಕೊಡುವುದಿಲ್ಲ. ಕೆಲಸದ ಪಾಠವನ್ನು ನಿನ್ನ ಮೇಲಿನವರು ಹೇಳಿಕೊಡುತ್ತಾರೆ, ಕೈಪಿಡಿಯೂ ಇದೆ. ಆದರೆ ಜೂನ್ ಕಾಲಿಡುವ ಮೊದಲು ಒಂದು ಮಾತು ನಿನ್ನ ಕಿವಿಗೆ ಹಾಕಲೇಬೇಕು. ತಂಪು ನೀರಿನ ಮೋಹ ಬಿಡು. ಪ್ಯಾನೆಲಿಗೆ ಹೋಗುವ ನೀರು ಎಷ್ಟು ತಣ್ಣಗಿದ್ದರೆ ಯಂತ್ರಕ್ಕೆ ಅಷ್ಟು ಕ್ಷೇಮ ಎಂದು ಶಾಪಿನಲ್ಲಿ ಹತ್ತು ಜನ ನಿನಗೆ ಹೇಳಲಿದ್ದಾರೆ. ಬೇಸಿಗೆಯ ಮಟ್ಟಿಗೆ ಅವರ ಮಾತು ನಡೆಯುತ್ತದೆ. ಮಳೆಗಾಲದಲ್ಲಿ ಅದೇ ಮಾತು ಪ್ಯಾನೆಲ್ ಸುಡುತ್ತದೆ.

ಫರ್ನೇಸಿಗೆ ನೀರು ಯಾಕೆ ಬೇಕು ಅನ್ನುವುದು ನಿನಗೆ ಗೊತ್ತೇ ಇದೆ. 500 ಕಿಲೋವ್ಯಾಟಿನ ಫರ್ನೇಸ್ ಪೂರ್ತಿ ಲೋಡಿನಲ್ಲಿ ಓಡುವಾಗ ಅದರ ತಾಮ್ರದ ಕಾಯಿಲೊಂದೇ ಸುಮಾರು ಐದನೇ ಒಂದು ಭಾಗ ಶಕ್ತಿಯನ್ನು ಶಾಖವಾಗಿ ನೀರಿಗೆ ಸುರಿಯುತ್ತದೆ. ಅಂದರೆ ನೂರು ಕಿಲೋವ್ಯಾಟ್. ಪ್ಯಾನೆಲಿನೊಳಗಿನ ಥೈರಿಸ್ಟರ್, ಕೆಪಾಸಿಟರ್, ರಿಯಾಕ್ಟರ್, ನೀರು ಹರಿಯುವ ಬಸ್‌ಬಾರು, ಕೇಬಲ್ಲು ಇವುಗಳದ್ದು ಬೇರೆ ಲೆಕ್ಕ. ಈ ಶಾಖ ಹೊರಗೆ ಹೋಗದಿದ್ದರೆ ಯಾವುದೂ ಉಳಿಯದು. ಆದರೆ ಶಾಖ ಹೊರಗೆ ಹೋಗಲು ನೀರು ಮಂಜಿನಂತೆ ತಣ್ಣಗಿರಬೇಕಿಲ್ಲ. ಥೈರಿಸ್ಟರಿನ ಒಳಗಿನ ಸಿಲಿಕಾನ್ ಸಾಮಾನ್ಯವಾಗಿ 125 ಡಿಗ್ರಿಯವರೆಗೆ ತಾಳುತ್ತದೆ. ಅದರ ಪಕ್ಕದಲ್ಲಿ ಹರಿಯುವ ನೀರು 22 ಡಿಗ್ರಿ ಇದ್ದರೂ 32 ಇದ್ದರೂ, ಹರಿವು ಸರಿಯಾಗಿದ್ದರೆ ಅದಕ್ಕೆ ಯಾವ ತೊಂದರೆಯೂ ಇಲ್ಲ. ಎಲ್ಲಕ್ಕಿಂತ ಬಿಗಿಯಾದ ಮೇಲ್ಮಿತಿ ಹೆಚ್ಚಾಗಿ ಕೆಪಾಸಿಟರಿನದ್ದು. ಅದನ್ನು ಅದರ ನೇಮ್‌ಪ್ಲೇಟಿನ ಮೇಲೆಯೇ ಬರೆದಿರುತ್ತಾರೆ, ಓದಿಕೊ. ಆ ಮಿತಿಯ ಕೆಳಗೆ ಎಷ್ಟೇ ಡಿಗ್ರಿ ಇಳಿಸಿದರೂ ನಿನಗೆ ಸಿಗುವ ಲಾಭ ಅತ್ಯಲ್ಪ. ಇಳಿಸುತ್ತಾ ಹೋದರೆ ಒಂದು ಹಂತದಲ್ಲಿ ನಷ್ಟ ಶುರುವಾಗುತ್ತದೆ.

ಆ ಹಂತವೇ ಇಬ್ಬನಿ ಬಿಂದು. ಶಾಪಿನಲ್ಲಿ ಡ್ಯೂ ಪಾಯಿಂಟ್ ಅನ್ನುತ್ತಾರೆ. ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ತಂಬಿಗೆ ಹೊರಮೈಯಲ್ಲಿ ಹನಿಗಟ್ಟುವ ಹಾಗೆಯೇ, ಗಾಳಿಯ ಇಬ್ಬನಿ ಬಿಂದುವಿಗಿಂತ ತಣ್ಣಗಿರುವ ಯಾವ ಪೈಪಿನ ಮೇಲೂ, ಹೀಟ್‌ಸಿಂಕಿನ ಮೇಲೂ ನೀರು ಕೂರುತ್ತದೆ. ಇದನ್ನು ಲೆಕ್ಕ ಹಾಕಲು ದೊಡ್ಡ ಕೋಷ್ಟಕ ಬೇಡ. ಆರ್ದ್ರತೆ ಶೇಕಡಾ 50ಕ್ಕಿಂತ ಮೇಲಿದ್ದಾಗ ಒಂದು ಸುಲಭ ಸೂತ್ರ ಇದೆ: ನೂರಕ್ಕೆ ಎಷ್ಟು ಕಡಿಮೆ ಇದೆಯೋ ಅದನ್ನು ಐದರಿಂದ ಭಾಗಿಸು, ಬಂದದ್ದನ್ನು ಗಾಳಿಯ ತಾಪಮಾನದಿಂದ ಕಳೆ. ಶೆಡ್ಡಿನಲ್ಲಿ 30 ಡಿಗ್ರಿ, ಆರ್ದ್ರತೆ 80 ಅಂದುಕೋ. ನೂರರಿಂದ ಎಂಬತ್ತು ಕಳೆದರೆ ಇಪ್ಪತ್ತು, ಐದರಿಂದ ಭಾಗಿಸಿದರೆ ನಾಲ್ಕು. ಇಬ್ಬನಿ ಬಿಂದು ಸುಮಾರು 26. ಆ ದಿನ ಪ್ಯಾನೆಲಿಗೆ 24 ಡಿಗ್ರಿಯ ನೀರು ಬಿಟ್ಟರೆ ಅದು ಬೆವರಲೇಬೇಕು. ಅದೇ ಶೆಡ್ಡು ಏಪ್ರಿಲಿನಲ್ಲಿ 35 ಡಿಗ್ರಿ, ಆರ್ದ್ರತೆ 30 ಇದ್ದಾಗ ಇಬ್ಬನಿ ಬಿಂದು 15ರ ಆಸುಪಾಸಿಗೆ ಇಳಿದಿರುತ್ತದೆ. (ಆರ್ದ್ರತೆ ಇಷ್ಟು ಕಡಿಮೆ ಇದ್ದಾಗ ಐದರ ಸೂತ್ರ ನಡೆಯುವುದಿಲ್ಲ, ಕೋಷ್ಟಕ ನೋಡಬೇಕು.) ಆಗ 20 ಡಿಗ್ರಿಯ ನೀರು ಬಿಟ್ಟರೂ ಏನೂ ಆಗುವುದಿಲ್ಲ. ಎಂಟು ತಿಂಗಳು ಏನೂ ಆಗದ್ದನ್ನು ಕಂಡವರು ಒಂಬತ್ತನೇ ತಿಂಗಳೂ ಏನೂ ಆಗುವುದಿಲ್ಲ ಎಂದು ನಂಬುವುದು ಸಹಜ. ಅಪಾಯ ಇರುವುದು ಅಲ್ಲೇ.

ನಿನ್ನ ಊರಿನ ಹವೆಯನ್ನು ಗಮನಿಸು. ಬೆಳಗಾವಿ ಘಟ್ಟದ ಅಂಚಿನ ಊರು, ಜುಲೈನಲ್ಲಿ ಗಾಳಿ ಬಿಸಿ ಇರುವುದಿಲ್ಲ, ಆದರೆ ಒದ್ದೆ. 25 ಡಿಗ್ರಿ, 90 ಶೇಕಡಾ ಆರ್ದ್ರತೆಯ ಒಂದು ಬೆಳಗ್ಗೆ ಇಬ್ಬನಿ ಬಿಂದು 23ರ ಮೇಲಿರುತ್ತದೆ. ಅದರ ಮೇಲೆ ಫೌಂಡ್ರಿಯ ಶೆಡ್ಡಿನಲ್ಲಿ ಮೋಲ್ಡಿಂಗ್ ಮರಳಿಗೆ ಬೆರೆಸುವ ನೀರು, ಬಿಸಿ ಮರಳಿನಿಂದ ಏಳುವ ಆವಿ ಎಲ್ಲ ಸೇರಿ ಒಳಗಿನ ಗಾಳಿ ಹೊರಗಿನದಕ್ಕಿಂತಲೂ ಒದ್ದೆಯಾಗಿರುತ್ತದೆ. ಹವಾಮಾನ ಇಲಾಖೆಯ ಅಂಕಿ ನೋಡಿ ತೃಪ್ತಿಪಡಬೇಡ. ಪ್ಯಾನೆಲಿನ ಪಕ್ಕದಲ್ಲಿಯೇ ತಾಪಮಾನ ಮತ್ತು ಆರ್ದ್ರತೆ ತೋರಿಸುವ ಒಂದು ಮೀಟರು ತೂಗುಹಾಕಿಸು. ಸಾವಿರ ಚಿಲ್ಲರೆ ರೂಪಾಯಿಗೆ ಸಿಗುವ ಆ ಮೀಟರು ಲಕ್ಷಗಳ ಪ್ಯಾನೆಲನ್ನು ಕಾಯುತ್ತದೆ.

ಈಗ ನಾನು ಅತಿ ಹೆಚ್ಚು ಕಂಡ ತಪ್ಪು ತಿಳುವಳಿಕೆಗೆ ಬರುತ್ತೇನೆ. ಪ್ಯಾನೆಲ್ ಬೆವರುತ್ತಿದೆ ಅಂದಕೂಡಲೇ ಜನ ಹೀಟರ್ ಹಾಕಿಸುತ್ತಾರೆ. ಗಾಳಿಯಿಂದ ತಂಪಾಗುವ ಮಾಮೂಲಿ ಪ್ಯಾನೆಲಿಗೆ ಅದು ಸರಿಯಾದ ಮದ್ದು. ಒಳಗಿರುವ ಎಲ್ಲ ಭಾಗಗಳೂ ಬೆಚ್ಚಗಾಗುತ್ತವೆ, ಬೆಚ್ಚಗಾದ ಮೇಲೆ ಇಬ್ಬನಿ ಕೂರುವುದಿಲ್ಲ. ಆದರೆ ನಿನ್ನ ಪ್ಯಾನೆಲಿನ ನಡುವೆ ತಣ್ಣೀರಿನ ಪೈಪು ಹರಿಯುತ್ತಿದೆ. ಹೀಟರ್ ಗಾಳಿಯನ್ನು ಬಿಸಿ ಮಾಡುತ್ತದೆ, ಗಾಳಿಯಲ್ಲಿರುವ ನೀರನ್ನು ತೆಗೆಯುವುದಿಲ್ಲ. 25 ಡಿಗ್ರಿ, 90 ಶೇಕಡಾದ ಆ ಗಾಳಿಯನ್ನು ಹೀಟರಿನಿಂದ 35 ಡಿಗ್ರಿಗೆ ಏರಿಸು. ಮೀಟರಿನಲ್ಲಿ ಆರ್ದ್ರತೆ 51ಕ್ಕೆ ಇಳಿದುಬಿಡುತ್ತದೆ. ನೋಡಿದವರಿಗೆಲ್ಲ ಸಮಾಧಾನ. ಆದರೆ ಇಬ್ಬನಿ ಬಿಂದು ಒಂದಿಷ್ಟೂ ಅಲುಗಿಲ್ಲ, ಅದೇ 23. ನೀರು 20 ಡಿಗ್ರಿಯಲ್ಲಿ ಹರಿಯುತ್ತಿದ್ದರೆ ಆ ಪೈಪು ಮೊದಲಿನಂತೆಯೇ ಬೆವರುತ್ತದೆ. ಆದ್ದರಿಂದ ಆರ್ದ್ರತೆಯ ಶೇಕಡಾವನ್ನೊಂದೇ ನೋಡಿ ತೀರ್ಮಾನಕ್ಕೆ ಬರಬೇಡ. ಗಾಳಿಯ ಇಬ್ಬನಿ ಬಿಂದು ಒಂದು, ಒಳಬರುವ ನೀರಿನ ತಾಪಮಾನ ಇನ್ನೊಂದು. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ನಿಜ ಗೊತ್ತಾಗುತ್ತದೆ. ನೀರು ಇಬ್ಬನಿ ಬಿಂದುವಿಗಿಂತ ಕನಿಷ್ಠ ಮೂರು ಡಿಗ್ರಿ ಮೇಲಿರಲಿ. ಐದಿದ್ದರೆ ನಿಶ್ಚಿಂತೆ, ಯಾಕೆಂದರೆ ಅಗ್ಗದ ಮೀಟರು ಒಂದೆರಡು ಡಿಗ್ರಿ ಸುಳ್ಳು ಹೇಳುವುದುಂಟು.

ಹಾಗೆಂದು ಹೀಟರ್ ಕಿತ್ತುಹಾಕಿಸಬೇಡ. ಫರ್ನೇಸ್ ನಿಂತ ರಾತ್ರಿ, ನೀರೂ ನಿಂತಿರುವಾಗ, ಕಂಟ್ರೋಲ್ ಕಾರ್ಡುಗಳನ್ನು ಒಣಗಿಸಿಡುವುದು ಅದೇ.

ಇನ್ನು ತಣ್ಣೀರು ಎಲ್ಲಿಂದ ಬರುತ್ತದೆ ಅನ್ನುವ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಓದು. ತೆರೆದ ಕೂಲಿಂಗ್ ಟವರ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ನೀರನ್ನು ಹೊರಗಿನ ಗಾಳಿಯ ವೆಟ್ ಬಲ್ಬ್ ತಾಪಮಾನಕ್ಕಿಂತ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ತೋರಿಸುವ ತಾಪಮಾನ) ಕೆಳಗೆ ಇಳಿಸಲಾರದು. ವೆಟ್ ಬಲ್ಬ್ ತಾಪಮಾನ ಯಾವತ್ತೂ ಇಬ್ಬನಿ ಬಿಂದುವಿಗಿಂತ ಕೆಳಗೆ ಹೋಗುವುದಿಲ್ಲ. ಗಾಳಿ ಪೂರ್ತಿ ತೋಯ್ದಾಗ ಎರಡೂ ಒಂದೇ ಆಗುತ್ತವೆ, ಅಷ್ಟೇ. ಅಂದರೆ ಟವರಿನಿಂದ ಆಗಷ್ಟೇ ಬಂದ ನೀರು ಅದೇ ಹೊತ್ತಿನ ಹೊರಗಾಳಿಯಲ್ಲಿ ಬೆವರುವುದು ಸಾಧ್ಯವೇ ಇಲ್ಲ. ಪ್ರಕೃತಿಯೇ ಇಟ್ಟ ಕಾವಲು ಇದು. ಹಾಗಾದರೆ ಟವರಿಟ್ಟುಕೊಂಡವರ ಪ್ಯಾನೆಲುಗಳೂ ಯಾಕೆ ಬೆವರುತ್ತವೆ? ಒಂದು, ಆಗಲೇ ಹೇಳಿದೆನಲ್ಲ, ಶೆಡ್ಡಿನ ಒಳಗಾಳಿ ಹೊರಗಿನದಕ್ಕಿಂತ ಒದ್ದೆ. ಇನ್ನೊಂದು ಸಮಯದ ವ್ಯತ್ಯಾಸ. ರಾತ್ರಿ ಸುರಿದ ಮಳೆಯಲ್ಲಿ ಟವರಿನ ತೊಟ್ಟಿ ತಣ್ಣಗಾಗಿರುತ್ತದೆ, ನೆಲದೊಳಗಿನ ಸಂಪಿನ ನೀರೂ ಅಷ್ಟೇ. ಬೆಳಗ್ಗೆ ಬಿಸಿಲು ಬಿದ್ದು ನೆಲದಿಂದ ಆವಿಯೇಳುವ ಹೊತ್ತಿಗೆ ಗಾಳಿಯ ಇಬ್ಬನಿ ಬಿಂದು ಏರುತ್ತದೆ. ತೊಟ್ಟಿಯ ನೀರು ಅಷ್ಟು ಬೇಗ ಬಿಸಿಯಾಗುವುದಿಲ್ಲ. ಎಂಟು ಗಂಟೆಗೆ ಪಂಪ್ ಹಾಕಿದರೆ ರಾತ್ರಿಯ ತಂಪು ಹಗಲಿನ ಗಾಳಿಗೆ ಎದುರಾಗುತ್ತದೆ.

ನೀರನ್ನು ಯಂತ್ರದಿಂದ ತಣಿಸುವ ಚಿಲ್ಲರಿಗೆ ಆ ಕಾವಲೂ ಇಲ್ಲ. ಗುಂಡಿ ತಿರುಗಿಸಿದರೆ 15 ಡಿಗ್ರಿಗೂ ಇಳಿಯುತ್ತದೆ, ಅದಕ್ಕಿಂತ ಕೆಳಗೂ ಇಳಿಯುತ್ತದೆ. ನನ್ನ ಕಾಲದಲ್ಲಿ ಬೆವರಿ ಸುಟ್ಟ ಪ್ಯಾನೆಲುಗಳ ಹಿಂದೆ ಹೋಗಿ ನೋಡಿದರೆ ಹೆಚ್ಚಿನ ಕಡೆ ಹೊಸದಾಗಿ ತಂದಿಟ್ಟ ಚಿಲ್ಲರ್ ಇರುತ್ತಿತ್ತು. ಅದನ್ನು ಯಾಕೆ ತಂದರು ಎಂದು ಕೇಳಿದರೆ ಉತ್ತರ ಎಲ್ಲ ಕಡೆಯೂ ಒಂದೇ: ಮೇ ತಿಂಗಳಲ್ಲಿ ನೀರಿನ ತಾಪಮಾನ ಏರಿ ಫರ್ನೇಸ್ ಟ್ರಿಪ್ ಆಗುತ್ತಿತ್ತು. ಟ್ರಿಪ್ ಆಗುತ್ತಿದ್ದದ್ದು ನಿಜ. ಕಾರಣ ಮಾತ್ರ ಬೇರೆ. ನಮ್ಮ ಬೋರಿನ ಗಡಸು ನೀರು ಹರಿದು ಹರಿದು ಹೀಟ್ ಎಕ್ಸ್‌ಚೇಂಜರಿನ ಪ್ಲೇಟುಗಳ ಮೇಲೆ ಸುಣ್ಣದ ಪದರ ಕಟ್ಟಿರುತ್ತದೆ. ಆ ಪದರ ಶಾಖವನ್ನು ದಾಟಿಸುವುದಿಲ್ಲ. ಪ್ಲೇಟು ಬಿಚ್ಚಿ ತೊಳೆದಿದ್ದರೆ ಹಳೆಯ ಟವರೇ ಸಾಕಾಗುತ್ತಿತ್ತು. ನಿನ್ನ ಕಂಪನಿಯಲ್ಲೂ ಬರುವ ಬೇಸಿಗೆಯಲ್ಲಿ ಚಿಲ್ಲರಿನ ಮಾತು ಬಂದರೆ, ಮೊದಲು ಎಕ್ಸ್‌ಚೇಂಜರ್ ಬಿಚ್ಚಿಸು, ಟವರಿನ ಫಿಲ್ ನೋಡು, ನಾಝಲ್ ನೋಡು. ಅದಾದ ಮೇಲೂ ಚಿಲ್ಲರ್ ಬೇಕೇ ಬೇಕಾದರೆ ತರಲಿ, ಆದರೆ ಅದರ ಸೆಟ್ಟಿಂಗನ್ನು ಮಳೆಗಾಲಕ್ಕೆ ಬದಲಾಯಿಸುವ ಹೊಣೆ ಯಾರದ್ದು ಎಂದು ಅದೇ ದಿನ ಬರೆಸಿಕೊ.

ನೀರನ್ನು ಬೆಚ್ಚಗಿಡುವುದು ಹೇಗೆ ಅನ್ನುತ್ತೀಯಾ? ಇಲ್ಲಿ ಒಂದು ಎಚ್ಚರಿಕೆ ಇದೆ, ಇದನ್ನು ಮರೆಯಲೇಬೇಡ. ನಿನ್ನ ಪ್ಯಾನೆಲಿನೊಳಗೆ ಸುತ್ತುವುದು ಡಿಎಂ ನೀರು, ಅಂದರೆ ಲವಣ ತೆಗೆದ ಶುದ್ಧ ನೀರು. ಅದು ಮುಚ್ಚಿದ ವೃತ್ತ. ಟವರಿನ ನೀರು ಎಕ್ಸ್‌ಚೇಂಜರಿನ ಆಚೆ ಬದಿಯಲ್ಲಿ ಹರಿಯುತ್ತದೆ. ಡಿಎಂ ನೀರಿನ ತಾಪಮಾನ ಏರಲಿ ಎಂದು ಡಿಎಂ ವಾಲ್ವನ್ನು ಅರ್ಧ ಮುಚ್ಚುವವರಿದ್ದಾರೆ. ಎಂದಿಗೂ ಹಾಗೆ ಮಾಡಬೇಡ. ಹರಿವು ಕಡಿಮೆಯಾದರೆ ಯಾವುದೋ ಒಂದು ಥೈರಿಸ್ಟರಿನ ಹೀಟ್‌ಸಿಂಕಿಗೆ, ಕಾಯಿಲಿನ ಯಾವುದೋ ಒಂದು ಸೆಕ್ಷನ್ನಿಗೆ ನೀರು ಸಾಲದೆ ಅಲ್ಲಿ ಮಾತ್ರ ಕುದಿಯುತ್ತದೆ. ಮುಖ್ಯ ಪೈಪಿನ ಥರ್ಮಾಮೀಟರಿನಲ್ಲಿ ಅದು ಗೊತ್ತಾಗುವುದೇ ಇಲ್ಲ. ಡಿಎಂ ಬದಿಯ ಹರಿವು ಯಾವತ್ತೂ ಪೂರ್ತಿ ಇರಬೇಕು. ತಡೆಯುವುದಾದರೆ ಆಚೆ ಬದಿಯ ಟವರ್ ನೀರನ್ನು ತಡೆ. ಇಲ್ಲವೇ ಮೂರು ದಾರಿಯ ವಾಲ್ವ್ ಹಾಕಿಸಿ ಡಿಎಂ ನೀರಿನ ಒಂದು ಪಾಲು ಎಕ್ಸ್‌ಚೇಂಜರಿನೊಳಗೆ ಹೋಗದೆ ಪಕ್ಕದಿಂದ ಹಾದುಹೋಗುವ ಹಾಗೆ ಮಾಡು. ಇದು ಅತ್ಯುತ್ತಮ ದಾರಿ. ದುಡ್ಡಿಲ್ಲ ಅನ್ನುವ ಕಡೆ ಟವರಿನ ಫ್ಯಾನಿಗೂ ಟವರ್ ನೀರಿನ ಪಂಪಿಗೂ ಒಂದು ಥರ್ಮೋಸ್ಟ್ಯಾಟ್ ಜೋಡಿಸಿದರೂ ಮುಕ್ಕಾಲು ಕೆಲಸ ಆಗುತ್ತದೆ. ಡಿಎಂ ನೀರು 30 ದಾಟುವವರೆಗೆ ಫ್ಯಾನ್ ಸುತ್ತುವುದು ಬೇಡ.

ಸೆಟ್ಟಿಂಗ್ ಎಷ್ಟಿರಬೇಕು? ದೊಡ್ಡ ಡ್ರೈವುಗಳಲ್ಲಿ ಇಬ್ಬನಿ ಬಿಂದುವನ್ನು ಅಳೆದು ಅದರ ಬೆನ್ನು ಹತ್ತಿ ನೀರಿನ ತಾಪಮಾನ ತಾನೇ ಬದಲಾಗುವ ವ್ಯವಸ್ಥೆ ಇರುತ್ತದೆ. ಫೌಂಡ್ರಿಯ ಧೂಳಿನಲ್ಲಿ ಆರ್ದ್ರತೆಯ ಸೆನ್ಸರ್ ಬಹಳ ದಿನ ಬಾಳುವುದಿಲ್ಲ, ಅದು ಕೆಟ್ಟಿದ್ದು ಯಾರಿಗೂ ತಿಳಿಯುವುದೂ ಇಲ್ಲ. ನನ್ನನ್ನು ಕೇಳಿದರೆ ವರ್ಷಪೂರ್ತಿ ಒಂದೇ ಸೆಟ್ಟಿಂಗ್ ಇಡು ಅನ್ನುತ್ತೇನೆ. ಕೈಪಿಡಿ 35 ಡಿಗ್ರಿಯವರೆಗೆ ಒಳಬರುವ ನೀರನ್ನು ಒಪ್ಪುವುದಾದರೆ 31-32ಕ್ಕೆ ನಿಲ್ಲಿಸಿಬಿಡು. ಬೆಳಗಾವಿಯ ಗಾಳಿ ಆ ಇಬ್ಬನಿ ಬಿಂದುವನ್ನು ಮುಟ್ಟುವುದಿಲ್ಲ. ಮಂಗಳೂರಿನ ಬೈಕಂಪಾಡಿಯಲ್ಲಿ, ಕಡಲ ಗಾಳಿಯಲ್ಲಿ ಇದೇ ಕೆಲಸ ಮಾಡುವ ನಿನ್ನ ಗೆಳೆಯರಿಗೂ ಆ ಅಂತರ ಸಾಕು. ಸೆನ್ಸರನ್ನು ಮಾತ್ರ ಟವರಿನ ಹತ್ತಿರ ಇಡಬೇಡ. ಪ್ಯಾನೆಲಿನೊಳಗೆ ಹೋಗುವ ಡಿಎಂ ಮ್ಯಾನಿಫೋಲ್ಡಿನ ಬಾಯಲ್ಲಿ ಇಡು. ನಿನಗೆ ಬೇಕಾದದ್ದು ಅಲ್ಲಿಯ ತಾಪಮಾನ.

ಬೆವರಿನ ಚಿಂತೆ ನಮ್ಮೊಬ್ಬರದ್ದೇ ಅಲ್ಲ. ಕೋಲಾರದ ಎಚ್‌ವಿಡಿಸಿ (ಹೈ ವೋಲ್ಟೇಜ್ ಡಿಸಿ) ಕೇಂದ್ರದ ಹೆಸರು ಕೇಳಿರುತ್ತೀಯೆ. ಒಡಿಶಾದ ತಾಲ್ಚೇರಿನಿಂದ ±500 ಕಿಲೋವೋಲ್ಟಿನಲ್ಲಿ ಕರೆಂಟು ತರುವ ಆ ಲೈನು 2003ರಲ್ಲಿ ಶುರುವಾಯಿತು. ಅಲ್ಲಿಯ ಥೈರಿಸ್ಟರ್ ವಾಲ್ವುಗಳೂ ನಿನ್ನ ಪ್ಯಾನೆಲಿನ ಹಾಗೆ ಶುದ್ಧ ನೀರಿನಿಂದಲೇ ತಂಪಾಗುತ್ತವೆ. ಅಂಥ ಕೇಂದ್ರಗಳಲ್ಲಿ ವಾಲ್ವ್ ಹಾಲಿನ ಗಾಳಿಯನ್ನು ಸೋಸಿ, ಒಣಗಿಸಿ, ಹೊರಗಿನದಕ್ಕಿಂತ ತುಸು ಹೆಚ್ಚು ಒತ್ತಡದಲ್ಲಿ ಇಟ್ಟಿರುತ್ತಾರೆ, ಹೊರಗಿನ ಒದ್ದೆ ಗಾಳಿ ನುಸುಳದಿರಲಿ ಎಂದು. ಕಂಪ್ಯೂಟರಿನವರು ಇನ್ನೂ ಮುಂದೆ ಹೋಗಿದ್ದಾರೆ. ಐಬಿಎಂ ಮತ್ತು ಜ್ಯೂರಿಕ್‌ನ ಇಟಿಎಚ್ ಸೇರಿ 2010ರಲ್ಲಿ ಅಕ್ವಾಸಾರ್ ಎಂಬ ಕಂಪ್ಯೂಟರನ್ನು 60 ಡಿಗ್ರಿಯ ನೀರಿನಿಂದ ತಂಪಿಸಿ ತೋರಿಸಿದರು. ಎರಡು ವರ್ಷದ ಬಳಿಕ ಜರ್ಮನಿಯ ಗಾರ್ಖಿಂಗ್‌ನಲ್ಲಿ ಸೂಪರ್‌ಮುಕ್ ಎಂಬ ದೈತ್ಯ ಕಂಪ್ಯೂಟರನ್ನು 40 ಡಿಗ್ರಿಯ ಆಸುಪಾಸಿನ ನೀರಿನ ಮೇಲೆಯೇ ಓಡಿಸಿದರು. ಅವರ ಮುಖ್ಯ ಉದ್ದೇಶ ವಿದ್ಯುತ್ ಉಳಿತಾಯ, ಆದರೆ ಅಷ್ಟು ಬೆಚ್ಚಗಿನ ನೀರಿನಲ್ಲಿ ಬೆವರಿನ ಪ್ರಶ್ನೆಯೇ ಏಳುವುದಿಲ್ಲ. ಬಿಸಿ ನೀರಿನಿಂದ ಎಲ್ಲಾದರೂ ತಂಪಾಗುತ್ತದೆಯೇ ಎಂದು ಯಾರಾದರೂ ನಿನ್ನನ್ನು ಕೇಳಿದರೆ ಈ ಉದಾಹರಣೆ ಕೊಡು.

ಈಗ ಫರ್ನೇಸ್ ನಿಂತಿರುವ ಹೊತ್ತಿನ ವಿಚಾರ. ಪ್ಯಾನೆಲ್ ಸುಡುವುದು ಹೆಚ್ಚಾಗಿ ಪೂರ್ತಿ ಲೋಡಿನಲ್ಲಿ ಓಡುವಾಗ ಅಲ್ಲ. ಭಾನುವಾರ ರಜೆ ಕಳೆದು ಸೋಮವಾರ ಬೆಳಗ್ಗೆ ಸ್ವಿಚ್ ಹಾಕಿದ ಮೊದಲ ನಿಮಿಷಗಳಲ್ಲಿ. ಶನಿವಾರ ರಾತ್ರಿ ಕೊನೆಯ ಹೀಟ್ ಸುರಿದ ಮೇಲೆ ಪವರ್ ಆಫ್ ಮಾಡಿ ಎಲ್ಲರೂ ಹೊರಡುತ್ತಾರೆ. ಪಂಪು ಮತ್ತು ಟವರಿನ ಫ್ಯಾನು ಓಡುತ್ತಲೇ ಇರುತ್ತವೆ. ಶಾಖ ಕೊಡುವ ಥೈರಿಸ್ಟರ್ ಮಲಗಿದೆ, ತಂಪು ಮಾಡುವ ನೀರು ಮಾತ್ರ ಸುತ್ತುತ್ತಿದೆ. ಬೆಳಗಿನ ಜಾವದ ಹೊತ್ತಿಗೆ ಇಡೀ ಪ್ಯಾನೆಲ್ ತಣ್ಣಗಾಗಿ, ಇನ್ಸುಲೇಟರಿನ ಮೇಲೆ ನೀರಿನ ತೆಳು ಪೊರೆ ಹಬ್ಬಿರುತ್ತದೆ. ಇಬ್ಬನಿಯ ನೀರು ಶುದ್ಧವೇ, ಅದೊಂದೇ ಇದ್ದರೆ ಕರೆಂಟು ಅಷ್ಟಾಗಿ ಹರಿಯದು. ಆದರೆ ಫೌಂಡ್ರಿಯ ಇನ್ಸುಲೇಟರಿನ ಮೇಲೆ ಮರಳಿನ ಧೂಳು, ಕಲ್ಲಿದ್ದಲ ಪುಡಿ, ಲೋಹದ ಹೊಗೆಯ ಮಸಿ ಕೂತಿರುತ್ತವೆ. ಧೂಳಿಗೆ ನೀರು ಸೇರಿದರೆ ಅದು ಕರೆಂಟಿಗೆ ದಾರಿ. ಮೊದಲು ಮಿಲಿಆಂಪಿಯರಿನಷ್ಟು ಹರಿಯುತ್ತದೆ, ಇನ್ಸುಲೇಟರಿನ ಮೇಲೆ ಮರದ ಬೇರಿನಂಥ ಕಪ್ಪು ಗೆರೆ ಮೂಡುತ್ತದೆ, ಒಂದು ದಿನ ಆ ಗೆರೆಯ ಉದ್ದಕ್ಕೂ ಆರ್ಕ್ ಹೊಡೆಯುತ್ತದೆ. ಪ್ಯಾನೆಲ್ ಒರೆಸುವಾಗ ಆ ಗೆರೆ ಕಂಡರೆ ಆ ಇನ್ಸುಲೇಟರನ್ನು ಬದಲಿಸು. ಒರೆಸಿದರೆ ಹೋಗುವಂಥದ್ದಲ್ಲ ಅದು.

ಹಾಗೆಂದು ಪವರ್ ಆಫ್ ಆದಕೂಡಲೇ ನೀರು ನಿಲ್ಲಿಸು ಎಂದು ನಾನು ಹೇಳುತ್ತಿಲ್ಲ, ಇದನ್ನು ಸರಿಯಾಗಿ ತಿಳಿದುಕೊ. ಕಾಯಿಲಿನ ಒಳಗೆ ಕರಗಿದ ಲೋಹವಿರುವಾಗ, ಲೈನಿಂಗ್ ಇನ್ನೂ ಬಿಸಿಯಿರುವಾಗ ಕಾಯಿಲಿನ ನೀರನ್ನು ಒಂದು ನಿಮಿಷವೂ ನಿಲ್ಲಿಸಕೂಡದು. ಕಾಯಿಲ್ ಸುಟ್ಟು ತೂತಾಗಿ ಆ ನೀರು ಲೋಹಕ್ಕೆ ತಾಗಿದರೆ ಸಿಡಿಯುತ್ತದೆ, ಜನ ಸಾಯುತ್ತಾರೆ. ಪ್ಯಾನೆಲಿನ ಬೆವರು ಅದರ ಮುಂದೆ ಸಣ್ಣದು. ಅದಕ್ಕೇ ಬಹಳ ಕಡೆ ಕಾಯಿಲಿಗೂ ಪ್ಯಾನೆಲಿಗೂ ಬೇರೆ ಬೇರೆ ನೀರಿನ ವೃತ್ತ ಇರುತ್ತದೆ. ನಿನ್ನಲ್ಲಿ ಹೇಗಿದೆ ಎಂದು ಮೊದಲು ಪೈಪಿನ ಬೆನ್ನು ಹತ್ತಿ ಹೋಗಿ ನೋಡು, ಡ್ರಾಯಿಂಗನ್ನೊಂದೇ ನಂಬಬೇಡ. ಬೇರೆ ಬೇರೆ ಇದ್ದರೆ, ಪವರ್ ನಿಂತು ಪ್ಯಾನೆಲಿನ ಶಾಖ ಹೊರಗೆ ಹೋದ ಮೇಲೆ, ಕೈಪಿಡಿ ಹೇಳಿದಷ್ಟು ಹೊತ್ತು ಬಿಟ್ಟು, ಪ್ಯಾನೆಲಿನ ಕಡೆಯ ಟವರ್ ನೀರನ್ನು ನಿಲ್ಲಿಸಬಹುದು. ಒಂದೇ ವೃತ್ತವಿದ್ದರೆ ಮೂರು ದಾರಿಯ ವಾಲ್ವ್ ಬಿಟ್ಟರೆ ಬೇರೆ ಗತಿಯಿಲ್ಲ, ಮಾಲೀಕರಿಗೆ ಹೇಳಿ ಹಾಕಿಸು. ಸೋಮವಾರ ಬೆಳಗ್ಗೆ ಶುರು ಮಾಡುವಾಗ ಡಿಎಂ ಪಂಪನ್ನು ಮಾತ್ರ ಹಾಕಿ, ಟವರ್ ನೀರಿಲ್ಲದೆ ಸ್ವಲ್ಪ ಹೊತ್ತು ಸುತ್ತಲು ಬಿಡು. ಪ್ಯಾನೆಲ್ ಶೆಡ್ಡಿನ ತಾಪಮಾನಕ್ಕೆ ಬರಲಿ. ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡು, ಆಮೇಲೆ ಪವರ್.

ಟಾರ್ಚ್ ಬಿಟ್ಟಾಗ ಏನು ನೋಡಬೇಕು ಅನ್ನುವುದೂ ಹೇಳುತ್ತೇನೆ. ನೀರು ಕಂಡಕೂಡಲೇ ಲೀಕ್ ಎಂದು ಕ್ಲ್ಯಾಂಪ್ ಬಿಗಿಯಲು ಹೋಗಬೇಡ. ಬೆವರಾದರೆ ಒಳಬರುವ ಹೋಸಿನ ಉದ್ದಕ್ಕೂ, ಮ್ಯಾನಿಫೋಲ್ಡಿನ ಮೈ ತುಂಬ ಸಣ್ಣ ಹನಿಗಳು ಸಮನಾಗಿ ಕೂತಿರುತ್ತವೆ. ಲೋಡಿನಲ್ಲಿ ಓಡಿ ಆಗಷ್ಟೇ ನಿಂತ ಪ್ಯಾನೆಲಾದರೆ, ಬೆಚ್ಚಗಿನ ನೀರು ಹೊರಹೋಗುವ ಹೋಸು ಒಣಗಿಯೇ ಇರುತ್ತದೆ. ಲೀಕ್ ಆದರೆ ಒಂದೇ ಜಾಗದಿಂದ, ಹೆಚ್ಚಾಗಿ ಕ್ಲ್ಯಾಂಪಿನ ಬಾಯಿಯಿಂದ ಇಳಿದು ಒಂದು ಗೆರೆ ಬಿಟ್ಟಿರುತ್ತದೆ, ಎಕ್ಸ್‌ಪ್ಯಾನ್ಶನ್ ಟ್ಯಾಂಕಿನ ಮಟ್ಟವೂ ಇಳಿದಿರುತ್ತದೆ. ಒಣ ಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡು. ಎಲ್ಲ ಕಡೆ ಮತ್ತೆ ಮಂಜಾದರೆ ಬೆವರು, ಒಂದೇ ಕಡೆ ಹನಿಗೂಡಿದರೆ ಲೀಕು.

ನೀರು ಕಂಡ ಪ್ಯಾನೆಲಿಗೆ ಕರೆಂಟು ಕೊಡಬೇಡ, ಯಾರು ಅವಸರ ಮಾಡಿದರೂ. ಐಸೊಲೇಟ್ ಮಾಡಿ ಬೀಗ ಹಾಕು, ಕೆಪಾಸಿಟರ್ ಡಿಸ್ಚಾರ್ಜ್ ಆಗಿದೆಯೇ ಎಂದು ಅಳೆದು ನೋಡಿದ ಮೇಲೆಯೇ ಕೈ ಹಾಕು. ಬಟ್ಟೆಯಿಂದ ಒರೆಸಿ, ಹೀಟರ್ ಹಾಕಿ, ಬಿಸಿ ಗಾಳಿ ಹಾಯಿಸಿ ಒಣಗಿಸು. ಸಾಮಾನ್ಯ ಕಂಪ್ರೆಸರಿನ ಗಾಳಿ ಬಿಡಬೇಡ, ಅದರಲ್ಲೇ ನೀರೂ ಎಣ್ಣೆಯೂ ಇರುತ್ತವೆ. ಮೆಗ್ಗರ್ ಹಾಕುವ ಮೊದಲು ಕಂಟ್ರೋಲ್ ಕಾರ್ಡುಗಳನ್ನೂ ಥೈರಿಸ್ಟರುಗಳನ್ನೂ ಕೈಪಿಡಿ ಹೇಳಿದ ಹಾಗೆ ಬೇರ್ಪಡಿಸು ಅಥವಾ ಶಾರ್ಟ್ ಮಾಡು. ಒದ್ದೆಯನ್ನು ಹುಡುಕಲು ಹೋಗಿ ಕಾರ್ಡ್ ಸುಟ್ಟುಕೊಂಡವರನ್ನು ಕಂಡಿದ್ದೇನೆ. ಮಳೆಗಾಲದಲ್ಲಿ ಗ್ರೌಂಡ್ ಲೀಕೇಜ್ ರಿಲೇ ಬೆಳಗ್ಗೆ ಬೆಳಗ್ಗೆ ಟ್ರಿಪ್ ಆಗತೊಡಗಿದರೆ ಕಾಯಿಲಿನ ಮೇಲಿನ ಬೆವರೂ ಒಂದು ಕಾರಣ ಇರಬಹುದು. ಆದರೆ ಲೋಹ ಲೈನಿಂಗನ್ನು ಕೊರೆದು ಕಾಯಿಲಿಗೆ ತಲುಪುತ್ತಿದೆ ಎಂದು ಹೇಳುವುದೂ ಅದೇ ರಿಲೇ. ಯಾವ ಕಾರಣಕ್ಕೂ ಅದನ್ನು ಬೈಪಾಸ್ ಮಾಡಬೇಡ, ಮಾಡಲು ಬಿಡಬೇಡ.

ಇನ್ನು ಗಾಳಿಯ ಕಡೆಯ ಕೆಲಸ ಸ್ವಲ್ಪ ಇದೆ. 30 ಡಿಗ್ರಿ, 80 ಶೇಕಡಾ ಆರ್ದ್ರತೆಯ ಒಂದು ಘನ ಮೀಟರ್ ಗಾಳಿಯಲ್ಲಿ 24 ಗ್ರಾಂನಷ್ಟು ನೀರಿರುತ್ತದೆ. ಅದನ್ನು 20 ಡಿಗ್ರಿಗೆ ತಣಿಸಿದರೆ 7 ಗ್ರಾಂ ಉದುರುತ್ತದೆ. ಪ್ಯಾನೆಲ್ ನಿಜಕ್ಕೂ ಮುಚ್ಚಿದ್ದರೆ ಅಲ್ಲಿಗೆ ಮುಗಿಯಿತು, ಒಂದೆರಡು ಚಮಚದಷ್ಟು ನೀರು, ಅಷ್ಟೇ. ಆದರೆ ಕೇಬಲ್ ಒಳಬರುವ ತೂತು ತೆರೆದಿದ್ದರೆ, ಬಾಗಿಲಿನ ಗ್ಯಾಸ್ಕೆಟ್ ಹರಿದಿದ್ದರೆ, ಉದುರಿದಷ್ಟೂ ಹೊಸ ಒದ್ದೆ ಗಾಳಿ ಒಳಗೆ ಬರುತ್ತಲೇ ಇರುತ್ತದೆ. ಆಗ ತಳದಲ್ಲಿ ನೀರು ನಿಲ್ಲುತ್ತದೆ. ಕೇಬಲ್ ಟ್ರೆಂಚಿನಿಂದ ಏಳುವ ತೇವ ಎಲ್ಲಕ್ಕಿಂತ ಕೆಟ್ಟದ್ದು, ಮಳೆಗಾಲದಲ್ಲಿ ಟ್ರೆಂಚಿನಲ್ಲಿ ನೀರು ನಿಂತಿರುತ್ತದಲ್ಲ. ಪ್ರತಿ ಕೇಬಲ್ಲಿಗೂ ಗ್ಲ್ಯಾಂಡ್ ಹಾಕಿಸು, ಉಳಿದ ತೂತುಗಳನ್ನು ಸೀಲ್ ಮಾಡಿಸು. ಸೆಖೆಯೆಂದು ಬಾಗಿಲು ತೆರೆದಿಟ್ಟು ಎದುರಿಗೆ ಪೆಡೆಸ್ಟಲ್ ಫ್ಯಾನ್ ಇಡುವ ಅಭ್ಯಾಸವನ್ನು ಮೊದಲ ದಿನವೇ ನಿಲ್ಲಿಸು. ಆ ಫ್ಯಾನು ಒದ್ದೆ ಗಾಳಿಯನ್ನೂ ಧೂಳನ್ನೂ ಒಟ್ಟಿಗೆ ಒಳಗೆ ತಳ್ಳುತ್ತದೆ. ಪ್ಯಾನೆಲಿಗೆ ಏಸಿ ಇದ್ದರೆ ಅದರ ತಾಪಮಾನ ತೀರಾ ಇಳಿಸಬೇಡ, ಅದರ ಡ್ರೈನ್ ಪೈಪು ಕಟ್ಟಿಕೊಂಡಿಲ್ಲ ಎಂದು ನೋಡಿಕೊ. ಒಣಗಿಸಿದ, ಎಣ್ಣೆ ಸೋಸಿದ ಇನ್‌ಸ್ಟ್ರುಮೆಂಟ್ ಏರ್ ನಿನ್ನ ಪ್ಲಾಂಟಿನಲ್ಲಿದ್ದರೆ ಅದರ ಒಂದು ಸಣ್ಣ ಲೈನನ್ನು ಪ್ಯಾನೆಲಿನೊಳಗೆ ಬಿಡು. ಒಳಗಿನ ಒತ್ತಡ ತುಸು ಹೆಚ್ಚಿದ್ದರೆ ಹೊರಗಿನದು ನುಸುಳದು. ಡಿಎಂ ಹೋಸುಗಳು ಕಾರ್ಡುಗಳ ಮೇಲೆ ಹಾದುಹೋಗದಂತೆ ನೋಡು. ಒಳಬರುವ ಪೈಪಿಗೆ ನೈಟ್ರೈಲ್ ಫೋಮ್ ಸುತ್ತಿಸಿದರೆ ಜೋಡಣೆಗಳನ್ನು ಅಂಟಿನಿಂದ ಪೂರ್ತಿ ಮುಚ್ಚಿಸು. ಸಂದು ಬಿಟ್ಟರೆ ಫೋಮಿನ ಒಳಗೇ ನೀರು ಕೂತು ತಾಮ್ರ ಹಸಿರುಗಟ್ಟುತ್ತದೆ.

ಇದರಲ್ಲಿ ಕಷ್ಟದ್ದು ಯಂತ್ರವಲ್ಲ, ಮಾತು. ಪೈಪು ಮುಟ್ಟಿ ನೋಡಿ ತಣ್ಣಗಿದ್ದರೆ ಎಲ್ಲ ಸರಿಯಿದೆ ಎಂದು ಮೂವತ್ತು ವರ್ಷ ನಂಬಿಕೊಂಡು ಬಂದ ಆಪರೇಟರ್ ಕಾಕಾ ಇರುತ್ತಾರೆ. ಅವರಿಗೆ ಲೆಕ್ಕ ಹೇಳಿ ಸೋಲಿಸಲು ಹೋಗಬೇಡ. ಆ ಕೈ ಎಷ್ಟೋ ಸಲ ಫರ್ನೇಸನ್ನು ಉಳಿಸಿದೆ. ಜುಲೈನ ಒಂದು ಬೆಳಗ್ಗೆ ಅವರನ್ನೇ ಕರೆದುಕೊಂಡು ಹೋಗಿ ಮೀಟರು ತೋರಿಸು, ಹೋಸಿನ ಮೇಲಿನ ಹನಿ ತೋರಿಸು, ಅವರ ಕೈಯಲ್ಲೇ ಒರೆಸಿಸು. ಮಾರನೇ ದಿನ ನೀರನ್ನು 31ಕ್ಕೆ ಇಟ್ಟು ಮತ್ತೆ ಅವರಿಗೇ ತೋರಿಸು. ಮೂರನೇ ದಿನ ಅವರೇ ಟವರಿನ ಫ್ಯಾನು ನಿಲ್ಲಿಸಿ ಬಂದು ನಿನಗೆ ಹೇಳುತ್ತಾರೆ.

ನಾಳೆ ಶಿಫ್ಟಿಗೆ ಹೋದಾಗ ಲಾಗ್‌ಬುಕ್ಕಿನಲ್ಲಿ ಎರಡು ಹೊಸ ಕಾಲಮ್ಮು ಗೆರೆ ಎಳೆದು ಬಿಡು: ಪ್ಯಾನೆಲಿನ ಪಕ್ಕದ ಗಾಳಿಯ ಇಬ್ಬನಿ ಬಿಂದು, ಒಳಬರುವ ಡಿಎಂ ನೀರಿನ ತಾಪಮಾನ. ಪ್ರತಿ ಶಿಫ್ಟಿನವರೂ ಬರೆಯಲಿ. ಎರಡರ ನಡುವೆ ಮೂರು ಡಿಗ್ರಿಗಿಂತ ಕಡಿಮೆ ಅಂತರ ಕಂಡ ದಿನ, ಎಷ್ಟು ಹೊತ್ತಾಗಿದ್ದರೂ ನನಗೊಂದು ಫೋನ್ ಮಾಡು.